ರೈಲು ನಿಂತರೆ ಎಂಜಿನ್ ಬಿಚ್ಚಬೇಡಿ, ಮೊದಲು ಹಳಿ ನೋಡಿ

ಮಾಡೆಲ್ ರೈಲಿನಲ್ಲಿ ಏನೇ ಕೆಟ್ಟರೂ ನಮ್ಮ ಕೈ ಮೊದಲು ಹೋಗುವುದು ಎಂಜಿನ್ನಿನ ಸ್ಕ್ರೂಗೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೇಲಿನ ಕವಚ ಬಿಚ್ಚುವಾಗ ಸಣ್ಣ ಕೊಂಡಿ ಮುರಿಯುತ್ತದೆ, ಕೂದಲಿನಷ್ಟು ತೆಳುವಾದ ವೈರು ಕಿತ್ತು ಬರುತ್ತದೆ. ಬಿಡಿಭಾಗ ನಮ್ಮ ಊರಲ್ಲಿ ಸಿಗುವುದಿಲ್ಲ. ಅಷ್ಟೆಲ್ಲ ಆದಮೇಲೆ ನೋಡಿದರೆ ತಪ್ಪು ಹಳಿಯದ್ದಾಗಿರುತ್ತದೆ. ಆದ್ದರಿಂದ ಹುಡುಕುವ ಕ್ರಮ ಹೀಗಿರಲಿ: ಹಳಿ, ಗಾಲಿ, ವೈರು, ಆಮೇಲೆ ಎಂಜಿನ್.

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಮೂರು ಅಳತೆಯ ಹಳಿಯ ಚರಿತ್ರೆ ಇದೆ. ತುಮಕೂರಿನಲ್ಲಿ ಮೀಟರ್‌ಗೇಜ್ ಇತ್ತು. ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರ ದಾಟಿ ಬಂಗಾರಪೇಟೆಗೆ 762 ಮಿ.ಮೀ. ಅಗಲದ ನ್ಯಾರೋಗೇಜ್ ಇತ್ತು. ಈಗ ಎಲ್ಲವೂ ಬ್ರಾಡ್‌ಗೇಜ್. 1:87 ಅಳತೆಯ (ಅಸಲಿಯ 87ನೇ ಒಂದು ಭಾಗ) ಎಚ್‌ಒ ಮಾಡೆಲ್ ಮಾಡುವವರು ಬ್ರಾಡ್‌ಗೇಜ್‌ಗೆ 16.5 ಮಿ.ಮೀ. ಹಳಿ ಬಳಸುತ್ತಾರೆ. ಲೆಕ್ಕದ ಪ್ರಕಾರ 19.3 ಆಗಬೇಕು, ಆದರೆ ಅಂಗಡಿಯಲ್ಲಿ ಸಿಗುವುದು 16.5. ಮೀಟರ್‌ಗೇಜ್‌ಗೆ 12, ನ್ಯಾರೋಗೇಜ್‌ಗೆ 9 ಮಿ.ಮೀ. ಹಳಿ ಹೊಂದುತ್ತದೆ. ನಂದಿ ಹಾಲ್ಟ್ ಸ್ಟೇಷನ್ನನ್ನು ಹಳೇ ನ್ಯಾರೋಗೇಜ್ ಕಾಲದ ಹಾಗೆ ಮಾಡಬೇಕು ಅಂತಿರುವವರಿಗೆ 9 ಮಿ.ಮೀ. ತುಂಬಾ ಚೆನ್ನಾಗಿ ಕೂರುತ್ತದೆ. ಇಲ್ಲಿ ಕೊಟ್ಟ ಅಳತೆಗಳು 16.5 ಮಿ.ಮೀ. ಹಳಿಗೆ. ಪರೀಕ್ಷೆಯ ದಾರಿ ಮೂರಕ್ಕೂ ಒಂದೇ.

ಕೈಯಲ್ಲಿ ಇರಬೇಕಾದದ್ದು: ಒಂದು ಸಾದಾ ಮಲ್ಟಿಮೀಟರ್, ವರ್ನಿಯರ್, ಅಡುಗೆಮನೆಯ ಸಣ್ಣ ತಕ್ಕಡಿ, ಒಂದು ಅಯಸ್ಕಾಂತ, ಹಳೇ ಬನಿಯನ್ ಬಟ್ಟೆ.

ಏನೂ ಅಲುಗಾಡುವುದಿಲ್ಲ, ಲೈಟೂ ಇಲ್ಲ

ಮೊದಲು ಗೋಡೆಯ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟ್ ಇದೆಯಾ ನೋಡಿ. ಇದ್ದರೆ, ಕಂಟ್ರೋಲರಿನಿಂದ (ಹಳಿಗೆ ಕರೆಂಟ್ ಕೊಟ್ಟು ವೇಗ ಹಿಡಿಯುವ ಡಬ್ಬಿ) ಹಳಿಗೆ ಹೋಗುವ ಎರಡೂ ವೈರು ತೆಗೆಯಿರಿ. ಕಂಟ್ರೋಲರಿನ ಹೊರದಾರಿಯಲ್ಲಿ ಮಲ್ಟಿಮೀಟರ್ ಇಟ್ಟು ನಾಬ್ ಪೂರ್ತಿ ತಿರುಗಿಸಿ. ಸಾದಾ ಡಿಸಿ ಕಂಟ್ರೋಲರ್ ಆದರೆ 12 ವೋಲ್ಟ್ ಆಸುಪಾಸು ಬರಬೇಕು.

ವೈರು ತೆಗೆದಾಗ ವೋಲ್ಟ್ ಬರುತ್ತದೆ, ಹಾಕಿದ ಕೂಡಲೇ ಬಿದ್ದುಹೋಗುತ್ತದೆ ಅಂದರೆ ಹಳಿಯ ಮೇಲೆ ಎಲ್ಲೋ ಶಾರ್ಟ್ ಇದೆ. ಎಲ್ಲ ಗಾಡಿಗಳನ್ನೂ ಎತ್ತಿ ಪಕ್ಕಕ್ಕಿಡಿ. ಸುರಂಗದೊಳಗೆ ಕೈಹಾಕಿ ತಡಕಿ. ಬಿದ್ದ ಸ್ಕ್ರೂ, ಸ್ಟೀಲ್ ಸ್ಕೇಲು, ಅಡ್ಡಡ್ಡ ನಿಂತ ವ್ಯಾಗನ್ನಿನ ಗಾಲಿ ಸಿಗುವುದು ಅಲ್ಲೇ. ಆಮೇಲೆ ಒಂದೊಂದೇ ಗಾಡಿ ವಾಪಸ್ ಇಡುತ್ತಾ ಬನ್ನಿ. ಯಾವುದನ್ನು ಇಟ್ಟಾಗ ವೋಲ್ಟ್ ಬೀಳುತ್ತದೋ ಕಳ್ಳ ಅದೇ.

ವೈರು ತೆಗೆದರೂ ವೋಲ್ಟ್ ಇಲ್ಲವೇ? ಅಲ್ಲಿಗೆ ನಿಲ್ಲಿಸಿ. ಡಬ್ಬಿಯ ಒಳಗೆ 230 ವೋಲ್ಟ್ ಇರುತ್ತದೆ. ಅದನ್ನು ಮನೆಯಲ್ಲಿ ಬಿಚ್ಚಬೇಡಿ, ಎಲೆಕ್ಟ್ರಾನಿಕ್ಸ್ ರಿಪೇರಿ ಬಲ್ಲವರ ಕೈಗೆ ಕೊಡಿ.

ಕರೆಂಟ್ ಹೋದಾಗ ಯುಪಿಎಸ್ ಮೇಲೆ ಓಡಿಸುವವರಿಗೆ ಒಂದು ಮಾತು. ಲೈನ್ ಕರೆಂಟಿನಲ್ಲಿ ಸುಮ್ಮನಿದ್ದ ಟ್ರಾನ್ಸ್‌ಫಾರ್ಮರ್ ಯುಪಿಎಸ್ ಮೇಲೆ ಗುಂಯ್ ಅಂತ ಸದ್ದು ಮಾಡಿದರೆ, ನಿಮ್ಮದು ಸ್ಕ್ವೇರ್‌ವೇವ್ ಇನ್ವರ್ಟರ್. ಟ್ರಾನ್ಸ್‌ಫಾರ್ಮರ್ ಬೇಗ ಬಿಸಿಯಾಗುತ್ತದೆ. ಕರೆಂಟ್ ಬರುವ ತನಕ ಕಾಯುವುದು ಒಳ್ಳೆಯದು.

ಎಂಜಿನ್ ತಡೆದು ತಡೆದು ಓಡುತ್ತದೆ, ಲೈಟ್ ಮಿಣುಕುತ್ತದೆ

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ನಿಂತ ಎಂಜಿನ್ನನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಮುಟ್ಟಿದ ತಕ್ಷಣ ಓಡಿದರೆ ಮೋಟರ್ ಚೆನ್ನಾಗಿದೆ, ಹಳಿಗೂ ಗಾಲಿಗೂ ನಡುವೆ ಕೊಳೆ ಇದೆ ಅಂತ ಅರ್ಥ.

ಈಗ ಕೊಳೆ ಯಾವ ಕಡೆ ಎಂದು ತಿಳಿಯಬೇಕು. ಎಲ್ಲ ಎಂಜಿನ್ನೂ ಒಂದೇ ಜಾಗದಲ್ಲಿ ತಡವರಿಸಿದರೆ ಹಳಿ. ಒಂದೇ ಎಂಜಿನ್ ಎಲ್ಲ ಜಾಗದಲ್ಲೂ ತಡವರಿಸಿದರೆ ಅದರ ಗಾಲಿ. ಇಷ್ಟು ಗಮನಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹಳಿಗೆ ಬನಿಯನ್ ಬಟ್ಟೆಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತಗೊಂಡು ಒರೆಸಿ. ಬಟ್ಟೆಯ ಮೇಲೆ ಎರಡು ಕಪ್ಪು ಗೆರೆ ಬೀಳುತ್ತದೆ. ಗೆರೆ ಬೀಳುವುದು ನಿಂತ ಮೇಲೆ ಸಾಕು. ಗಾಲಿಗೆ: ಅದೇ ದ್ರವದಲ್ಲಿ ತೋಯಿಸಿದ ತೆಳು ಟಿಶ್ಯೂ ಕಾಗದವನ್ನು ಹಳಿಯ ಮೇಲೆ ಹಾಸಿ. ಎಂಜಿನ್ನಿನ ಮುಂದಿನ ಗಾಲಿಗಳು ಕಾಗದದ ಮೇಲೆ, ಹಿಂದಿನವು ಬರೀ ಹಳಿಯ ಮೇಲೆ ಇರಲಿ. ಎಂಜಿನ್ನನ್ನು ಕೈಯಲ್ಲಿ ಹಿಡಿದು ಕರೆಂಟ್ ಕೊಟ್ಟರೆ ಗಾಲಿ ಅಲ್ಲೇ ತಿರುಗಿ ತನ್ನ ಕೊಳೆ ತಾನೇ ಬಿಡುತ್ತದೆ. ಆಮೇಲೆ ತಿರುಗಿಸಿ ಇಡಿ. ಈ ದ್ರವ ಬೇಗ ಬೆಂಕಿ ಹಿಡಿಯುತ್ತದೆ. ಕಿಟಕಿ ತೆರೆದಿಡಿ, ಕಾಗದ ಹಸಿಯಾಗಿರುವಾಗ ಕರೆಂಟ್ ಕಡಿಮೆ ಇರಲಿ, ಕಿಡಿ ಕಂಡರೆ ತಕ್ಷಣ ಆಫ್ ಮಾಡಿ. ಹಳಿ ಒಣಗುವ ತನಕ ರೈಲು ಬಿಡಬೇಡಿ.

ಉಪ್ಪುಕಾಗದ ಮಾತ್ರ ಬೇಡ. ಹೊಳಪು ಬರುತ್ತದೆ ನಿಜ, ಆದರೆ ಅದರ ಗೀರುಗಳಲ್ಲಿ ಕೊಳೆ ಕೂತು ಮುಂದಿನ ಸಲ ಇನ್ನೂ ಬೇಗ ಕಪ್ಪಾಗುತ್ತದೆ.

ಒರೆಸಿದ ಮಾರನೇ ದಿನಕ್ಕೇ ಮತ್ತೆ ಶುರುವಾದರೆ ಎರಡು ಕಾರಣ ನೋಡಿ. ಒಂದು, ವ್ಯಾಗನ್ನುಗಳ ಪ್ಲಾಸ್ಟಿಕ್ ಗಾಲಿ. ಅವು ಕೊಳೆಯನ್ನು ಎಲ್ಲ ಕಡೆ ಹರಡುತ್ತವೆ. ಲೋಹದ ಗಾಲಿಗೆ ಬದಲಾಯಿಸಿದರೆ ಗೊತ್ತಾಗುವಷ್ಟು ವ್ಯತ್ಯಾಸ ಬರುತ್ತದೆ. ಇನ್ನೊಂದು, ಜಲ್ಲಿ.

ಜಲ್ಲಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಕ್ರಷರ್ ಪುಡಿ, ಎಂ-ಸ್ಯಾಂಡ್ ಎಲ್ಲಿ ಬೇಕಾದರೂ ಸಿಗುತ್ತದೆ. ಜರಡಿ ಹಿಡಿದು ಹಳಿಯ ಪಕ್ಕ ಹಾಕಿದರೆ ನಮ್ಮದೇ ಕಲ್ಲಿನ ಬಣ್ಣ, ನೋಡಲು ಬಹಳ ಚೆಂದ. ಆದರೆ ಗ್ರಾನೈಟ್ ಪುಡಿಯಲ್ಲಿ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರಿನ ಕಣಗಳಿರುತ್ತವೆ. ಪುಡಿಯನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರ ಮೇಲೆ ನಿಧಾನಕ್ಕೆ ಆಡಿಸಿ. ಕವರಿಗೆ ಕಪ್ಪು ಮೀಸೆ ಬಂದಂತೆ ಕಣಗಳು ನೆಟ್ಟಗೆ ನಿಲ್ಲುತ್ತವೆ. ಎಂಜಿನ್ನಿನ ಮೋಟರಿನೊಳಗೂ ಅಯಸ್ಕಾಂತವೇ ಇರುವುದು. ಈ ಕಣಗಳನ್ನು ಅದು ಹಳಿಯ ಪಕ್ಕದಿಂದ ಎಳೆದುಕೊಳ್ಳುತ್ತದೆ. ಗೇರಿನ ಗ್ರೀಸಿಗೆ ಸೇರಿದರೆ ಹಲ್ಲು ಸವೆಯುತ್ತದೆ, ಮೋಟರಿನ ಸಂದಿಗೆ ಹೋದರೆ ಅದು ಗೀರಿಕೊಳ್ಳುತ್ತದೆ. ಅಯಸ್ಕಾಂತದ ಕವರು ಬಿಚ್ಚಿದರೆ ಅಂಟಿದ ಕಣಗಳು ಉದುರುತ್ತವೆ. ಏನೂ ಅಂಟದಿರುವ ತನಕ ಮತ್ತೆ ಮತ್ತೆ ಆಡಿಸಿ, ಆಮೇಲಷ್ಟೇ ಹಳಿಗೆ ಹಾಕಿ. ಈಗಾಗಲೇ ಅಂಟಿಸಿಬಿಟ್ಟಿದ್ದರೆ ಹಳಿಯ ಮೇಲೆಯೇ ಅಯಸ್ಕಾಂತ ಆಡಿಸಿ, ಸಡಿಲವಾಗಿರುವುದಾದರೂ ಬರಲಿ. ಜರಡಿ ಹಿಡಿಯುವಾಗ ಮೂಗಿಗೆ ಒಳ್ಳೆಯ ಮಾಸ್ಕ್ ಬೇಕೇ ಬೇಕು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಮಕ್ಕಳನ್ನು ಆ ಕೆಲಸಕ್ಕೆ ಕೂರಿಸಬೇಡಿ.

ಕಂಟ್ರೋಲರ್ ಹತ್ತಿರ ಜೋರು, ದೂರ ಹೋದಂತೆ ನಿಧಾನ

ಹಳಿ ಮಾಡುವ ನಿಕಲ್ ಸಿಲ್ವರ್ ತಾಮ್ರದಷ್ಟು ಚೆನ್ನಾಗಿ ಕರೆಂಟ್ ಸಾಗಿಸುವುದಿಲ್ಲ. ಅದರ ಮೇಲೆ ಪ್ರತಿ ಜೋಡಣೆಯಲ್ಲಿ ಹಳಿ ಕೂಡಿಸುವ ಪಟ್ಟಿ, ಅಂದರೆ ಫಿಶ್‌ಪ್ಲೇಟ್ ಸಡಿಲವಾದಾಗ ಇನ್ನಷ್ಟು ಕಮ್ಮಿಯಾಗುತ್ತದೆ. ಎಂಜಿನ್ ದೂರದ ತುದಿಯಲ್ಲಿ ಓಡುತ್ತಿರುವಾಗಲೇ ಕಂಟ್ರೋಲರ್ ಹತ್ತಿರ ಒಮ್ಮೆ, ಆ ತುದಿಯಲ್ಲಿ ಒಮ್ಮೆ ವೋಲ್ಟ್ ಅಳೆಯಿರಿ. ಬರಿದೇ ಹಳಿ ಅಳೆದರೆ ಎರಡೂ ಕಡೆ ಒಂದೇ ತೋರಿಸಿ ದಾರಿ ತಪ್ಪಿಸುತ್ತದೆ. ಒಂದು ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ವೈರಿಂಗ್ ಸಾಲದು.

ಪರಿಹಾರ ಅಗ್ಗದ್ದೇ. ಮನೆಗೆ ಬಳಸುವ 1.5 ಚದರ ಮಿ.ಮೀ. ತಾಮ್ರದ ವೈರು ಎರಡು ಎಳೆಯನ್ನು ಬೋರ್ಡಿನ ಕೆಳಗೆ ಉದ್ದಕ್ಕೂ ಎಳೆಯಿರಿ. ಅಲ್ಲಿಂದ ಮೀಟರಿಗೊಂದರಂತೆ ಸಣ್ಣ ವೈರು ಹಳಿಗೆ ಬೆಸುಗೆ ಹಾಕಿ. 1.5ರ ವೈರಿಗೆ ಮೀಟರಿಗೆ ಸುಮಾರು 0.012 ಓಮ್ ಅಷ್ಟೇ ತಡೆ. ಐದು ಮೀಟರ್ ಹೋಗಿ ಬಂದರೂ ಒಂದು ಆಂಪಿಯರಿಗೆ 0.12 ವೋಲ್ಟ್ ಮಾತ್ರ ಬೀಳುತ್ತದೆ. ಬೆಸುಗೆಯ ಹೊಗೆ ಮುಖಕ್ಕೆ ಬರದಂತೆ ಕೂತುಕೊಳ್ಳಿ. ಸೀಸದ ತಂತಿ ಮುಟ್ಟಿದ ಕೈಯಲ್ಲಿ ತಿಂಡಿ ಮುಟ್ಟಬೇಡಿ.

ಡಿಸಿಸಿ, ಅಂದರೆ ಒಂದೊಂದು ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆಜ್ಞೆ ಕಳಿಸುವ ವ್ಯವಸ್ಥೆ, ಇರುವವರಿಗೆ ಇನ್ನೊಂದು ಪರೀಕ್ಷೆ ಇದೆ. ದೂರದ ತುದಿಯಲ್ಲಿ ಎರಡೂ ಹಳಿಗೆ ತಾಗುವಂತೆ ಒಂದು ರೂಪಾಯಿ ನಾಣ್ಯ ಇಡಿ. ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ತಕ್ಷಣ ಕಟ್ ಆಗಬೇಕು. ಆಗದಿದ್ದರೆ ಕೂಡಲೇ ನಾಣ್ಯ ಎತ್ತಿ. ಅಂಥ ಕಡೆ ನಿಜವಾದ ಶಾರ್ಟ್ ಆದರೆ ಬೂಸ್ಟರಿಗೆ ಗೊತ್ತೇ ಆಗದೆ ಗಾಲಿಯ ಹತ್ತಿರದ ಪ್ಲಾಸ್ಟಿಕ್ ಕರಗುತ್ತದೆ. ಅಲ್ಲಿಗೆ ವೈರು ಹೆಚ್ಚಿಸುವ ತನಕ ರೈಲು ಓಡಿಸಬೇಡಿ. ಕಟ್ ಆಗುವ ವ್ಯವಸ್ಥೆ ಇಲ್ಲದ ಹಳೇ ಡಿಸಿ ಟ್ರಾನ್ಸ್‌ಫಾರ್ಮರಿನಲ್ಲಿ ಈ ಪರೀಕ್ಷೆ ಮಾಡಲೇಬಾರದು.

ಪಾಯಿಂಟ್ ಮೇಲೆ ಬಂದ ಕೂಡಲೇ ಎಲ್ಲವೂ ಬಂದ್

ಒಂದೇ ಎಂಜಿನ್ ಅಲ್ಲಿ ನಿಂತು ಉಳಿದವು ಓಡಿದರೆ, ಪಾಯಿಂಟಿನ (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ) ನಡುವೆ ಹಳಿಗಳು ಅಡ್ಡ ಹಾಯುವ ಫ್ರಾಗ್‌ಗೆ ಕರೆಂಟ್ ಬರುತ್ತಿಲ್ಲ. ಸಣ್ಣ ಎಂಜಿನ್ನಿಗೇ ಹೀಗಾಗುವುದು ಜಾಸ್ತಿ. ಇಡೀ ಲೇಔಟೇ ನಿಂತರೆ ಅದು ಶಾರ್ಟ್. ಕತ್ತಲೆ ಮಾಡಿ ನೋಡಿದರೆ ಕಿಡಿ ಎಲ್ಲಿ ಹಾರುತ್ತದೆ ಎಂದು ಕಾಣುತ್ತದೆ. ಬಹಳ ಸಲ ಗಾಲಿಯ ಒಳಬದಿ ತೆರೆದ ಬ್ಲೇಡಿಗೆ (ಪಾಯಿಂಟಿನಲ್ಲಿ ಸರಿದಾಡುವ ಹಳಿ) ತಾಗಿರುತ್ತದೆ. ಜೋಡಿ ಗಾಲಿಗಳ ಒಳಬದಿಯ ನಡುವಿನ ಅಂತರ ವರ್ನಿಯರಿನಲ್ಲಿ ಅಳೆಯಿರಿ. 14.4 ಮಿ.ಮೀ. ಹತ್ತಿರ ಇರಬೇಕು. ಕಮ್ಮಿ ಇದ್ದರೆ ಗಾಲಿಯನ್ನು ತಿರುಗಿಸುತ್ತಾ ಮೆಲ್ಲಗೆ ಹೊರಗೆಳೆಯಿರಿ.

ಹೊಸದಾಗಿ ಹಳಿ ಹಾಕಿದ ದಿನದಿಂದಲೇ ಶಾರ್ಟ್ ಆದರೆ ಹಳಿಯ ನಕ್ಷೆ ನೋಡಿ. ಹೊರಟ ಹಳಿ ಸುತ್ತಿಕೊಂಡು ಬಂದು ತನ್ನನ್ನೇ ಎದುರುಬದುರಾಗಿ ಸೇರಿದರೆ ಎಡಹಳಿಗೆ ಬಲಹಳಿ ಕೂಡುತ್ತದೆ. ಅಲ್ಲಿ ಎರಡೂ ಹಳಿಯಲ್ಲಿ ಸಂದು ಬಿಟ್ಟು, ದಿಕ್ಕು ಬದಲಿಸುವ ಸ್ವಿಚ್ಚೋ ಡಿಸಿಸಿಯ ರಿವರ್ಸರೋ ಹಾಕದೆ ಬೇರೆ ದಾರಿಯಿಲ್ಲ.

ವ್ಯಾಗನ್ ಪದೇ ಪದೇ ಹಳಿ ತಪ್ಪುತ್ತದೆ

ಒಂದೇ ವ್ಯಾಗನ್ ಎಲ್ಲ ಕಡೆ ತಪ್ಪುತ್ತದಾ, ಎಲ್ಲ ವ್ಯಾಗನ್ ಒಂದೇ ಕಡೆ ತಪ್ಪುತ್ತವಾ? ಇಲ್ಲೂ ಅದೇ ಪ್ರಶ್ನೆ.

ಒಂದೇ ಕಡೆ ಆದರೆ ಬೆರಳ ತುದಿಯನ್ನು ಹಳಿಯ ಒಳಅಂಚಿನಲ್ಲಿ ಎಳೆದುಕೊಂಡು ಹೋಗಿ. ಕಣ್ಣಿಗೆ ಕಾಣದ ಮೆಟ್ಟಿಲು ಬೆರಳಿಗೆ ತಗಲುತ್ತದೆ. ಸಣ್ಣ ಅರದಲ್ಲಿ ಉಜ್ಜಿ ನಯ ಮಾಡಿ. ಉದ್ದದ ಕೋಚ್ ಮಾತ್ರ ತಿರುವಿನಲ್ಲಿ ತಪ್ಪಿದರೆ ತಿರುವು ಇಕ್ಕಟ್ಟು ಎಂದು ಲೆಕ್ಕ. ಐಸಿಎಫ್ (ಚೆನ್ನೈನ ಕೋಚ್ ಕಾರ್ಖಾನೆ) ಕೋಚ್ 1:87ರಲ್ಲಿ ಸುಮಾರು 245 ಮಿ.ಮೀ. ಉದ್ದ. ತಿರುವಿನ ತ್ರಿಜ್ಯ ಅದರ ಎರಡೂವರೆ ಪಟ್ಟಾದರೂ, ಅಂದರೆ 600 ಮಿ.ಮೀ. ಮೇಲೆ, ಇದ್ದರೆ ನೆಮ್ಮದಿ.

ಒಂದೇ ವ್ಯಾಗನ್ ತಪ್ಪಿದರೆ ಮೊದಲು ತೂಕ. ಕೈಯಿಂದ ಮಾಡಿದ ವ್ಯಾಗನ್ನುಗಳಲ್ಲಿ ಇದೇ ಜಾಸ್ತಿ. ಪ್ಲಾಸ್ಟಿಕ್ ಶೀಟಿನಿಂದಲೋ 3ಡಿ ಪ್ರಿಂಟಿನಿಂದಲೋ ಮಾಡಿದ ಬಾಕ್ಸ್‌ಎನ್ (ಕಲ್ಲಿದ್ದಲು, ಅದಿರು ಸಾಗಿಸುವ ತೆರೆದ ವ್ಯಾಗನ್) ಗಾಳಿಗೆ ಹಾರುವಷ್ಟು ಹಗುರ ಇರುತ್ತದೆ. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಎಚ್‌ಒಗೆ ಒಂದು ಸರಳ ಲೆಕ್ಕ ಕೊಟ್ಟಿದೆ: ಮೊದಲಿಗೆ ಒಂದು ಔನ್ಸ್, ಅಂದರೆ 28 ಗ್ರಾಂ. ಅದಕ್ಕೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್, 14 ಗ್ರಾಂ ಸೇರಿಸಬೇಕು. ಅಸಲಿ ಬಾಕ್ಸ್‌ಎನ್ ಕಪ್ಲರಿನಿಂದ (ಗಾಡಿಗಳನ್ನು ಕೂಡಿಸುವ ಕೊಂಡಿ) ಕಪ್ಲರಿಗೆ 10.7 ಮೀಟರ್. ಮಾಡೆಲ್‌ನಲ್ಲಿ 123 ಮಿ.ಮೀ., ಐದು ಇಂಚಿಗೆ ಸ್ವಲ್ಪ ಕಮ್ಮಿ. ಹಾಗಾಗಿ 95 ಗ್ರಾಂ ಆಸುಪಾಸು ಬೇಕು. ತಕ್ಕಡಿಯಲ್ಲಿಟ್ಟು ನೋಡಿ. ತೂಕ ತಳದಲ್ಲಿ, ಎರಡೂ ತುದಿಗೆ ಸಮವಾಗಿ ಇರಲಿ. ಅದಿರಿನ ಲೋಡ್ ತುಂಬಿದ ವ್ಯಾಗನ್ನಾದರೆ ಅದರ ಕೆಳಗೆ ಮುಚ್ಚಿಡಬಹುದು.

ಆಮೇಲೆ ಕೆಳಗಿನ ಟ್ರಕ್, ಅಂದರೆ ನಾಲ್ಕು ಗಾಲಿಯ ಚೌಕಟ್ಟು. ಎರಡೂ ಟ್ರಕ್ ಬಿಗಿಯಾಗಿದ್ದರೆ ಹಳಿ ಸ್ವಲ್ಪ ಓರೆಯಾದಲ್ಲಿ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ಒಂದರ ಸ್ಕ್ರೂ ಎಡ-ಬಲ ತಿರುಗುವಷ್ಟು ಮಾತ್ರ ಇರಲಿ. ಇನ್ನೊಂದನ್ನು ಅಲುಗಾಡುವಷ್ಟು ಸಡಿಲ ಬಿಡಿ. ಈ ಒಂದು ಸ್ಕ್ರೂವಿನ ಕಾಲು ಸುತ್ತಿನಿಂದ ಸರಿಹೋಗುವ ವ್ಯಾಗನ್ನುಗಳು ಬೇಕಾದಷ್ಟಿವೆ.

ಎಲ್ಲ ಸರಿಯಿದ್ದೂ ರೇಕಿನ (ಕೂಡಿಸಿದ ವ್ಯಾಗನ್ನುಗಳ ಸಾಲು) ಮಧ್ಯದ ಒಂದೇ ವ್ಯಾಗನ್ ತಿರುವಿನ ಒಳಕ್ಕೆ ಉರುಳಿದರೆ, ಅದರ ಹಿಂದೆ ಭಾರದವು ಇವೆಯಾ ನೋಡಿ. ಹಗುರದವನ್ನು ಕೊನೆಗೆ ಕಟ್ಟಿ. ಮಧ್ಯದಲ್ಲಿ ಕಳಚಿಕೊಳ್ಳುವ ರೇಕಿಗೆ ಕಪ್ಲರಿನ ಎತ್ತರ ಅಳೆಯಿರಿ. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಏರಿನಲ್ಲಿ ಜಾರಿ ಬಿಡುತ್ತದೆ. ಕೆಳಗಿರುವುದರ ಟ್ರಕ್ಕಿಗೂ ವ್ಯಾಗನ್ನಿನ ತಳಕ್ಕೂ ನಡುವೆ ತೆಳು ವಾಷರ್ ಹಾಕಿದರೆ ಮುಗಿಯಿತು.

ವ್ಯಾಗನ್ನಿನ ಬದಿ ಉಬ್ಬಿದೆ, ಬಿರುಕು ಬಿಟ್ಟಿದೆ

ತೂಕಕ್ಕೆಂದು ಒಳಗೆ ಸೀಸದ ಗುಂಡು ಹಾಕಿ ಫೆವಿಕಾಲ್ ಥರದ ಬಿಳಿ ಅಂಟು ಸುರಿದಿದ್ದೀರಾ? ಹಾಗಿದ್ದರೆ ಕಾರಣ ಅದೇ. ಬಿಳಿ ಅಂಟು ಸೀಸದ ಜೊತೆ ಸೇರಿ ನಿಧಾನಕ್ಕೆ ಬಿಳಿ ಪುಡಿಯಾಗುತ್ತದೆ, ಉಬ್ಬುತ್ತದೆ, ವರ್ಷಗಳಾದ ಮೇಲೆ ಗೋಡೆಯನ್ನೇ ಒಡೆಯುತ್ತದೆ. ಒಳಗೆ ಬಿಳಿ ಪುಡಿ ಕಂಡರೆ ಊದಬೇಡಿ, ಅದು ವಿಷ. ಗ್ಲೌಸ್ ಹಾಕಿ ಒದ್ದೆ ಬಟ್ಟೆಯಲ್ಲಿ ತೆಗೆದು ಕವರಿನಲ್ಲಿ ಕಟ್ಟಿಡಿ. ಮುಂದೆ ಸೀಸದ ಬದಲು ಕಬ್ಬಿಣದ ನಟ್ಟು, ವಾಷರ್ ಬಳಸಿ, ಅರಾಲ್ಡೈಟಿನಲ್ಲಿ ಅಂಟಿಸಿ.

ತಳ ಮಾತ್ರ ಬಾಳೆಲೆ ಥರ ಬಾಗಿದ್ದರೆ ಪ್ಲಾಸ್ಟಿಕ್ ಕರಗಿಸುವ ಅಂಟು ಜಾಸ್ತಿಯಾಗಿದೆ. ಬಾಗಿದ್ದನ್ನು ನೆಟ್ಟಗೆ ಮಾಡುವುದಕ್ಕಿಂತ ಹೊಸ ತಳ ಕತ್ತರಿಸುವುದೇ ಬೇಗ.

ಹಳೆಯ ಎರಕದ ಲೋಹದ ಮಾಡೆಲ್‌ನಲ್ಲಿ ಸಣ್ಣ ಸಣ್ಣ ಬಿರುಕು ಜಾಲದಂತೆ ಹರಡಿದ್ದರೆ ಅದು ಸತುವಿನ ಮಿಶ್ರಲೋಹದ ಒಳಗಿನ ಕಲಬೆರಕೆಯಿಂದ ಬಂದದ್ದು. ಅದಕ್ಕೆ ಮದ್ದಿಲ್ಲ. ಓಡಿಸದೆ, ಒಣ ಜಾಗದಲ್ಲಿ ಜೋಪಾನವಾಗಿಡಿ.

ಬೇಸಿಗೆಯಲ್ಲಿ ಹಳಿ ಸೊಟ್ಟಗಾಗುತ್ತದೆ

ಶೀಟಿನ ಛಾವಣಿಯ ಕೆಳಗೆ ಲೇಔಟ್ ಇಟ್ಟವರಿಗೆ ಇದು ಗೊತ್ತು. ಹತ್ತು ಮೀಟರ್ ಹಳಿ 15 ಡಿಗ್ರಿ ಬಿಸಿಯಾದರೆ ಎರಡು ಮಿ.ಮೀ.ಗಿಂತ ಜಾಸ್ತಿ ಹಿಗ್ಗುತ್ತದೆ. ಜೊತೆಗೆ ಮಾರ್ಚ್, ಏಪ್ರಿಲ್‌ನ ಒಣ ಹವೆಗೆ ಮರದ ಚೌಕಟ್ಟು ಕುಗ್ಗುತ್ತದೆ. ಹಳಿ ಉದ್ದ, ಬೋರ್ಡು ಗಿಡ್ಡ, ಮತ್ತೆಲ್ಲಿಗೆ ಹೋಗಬೇಕು ಹೇಳಿ? ಚಳಿಗಾಲದಲ್ಲಿ ಹಳಿ ಹಾಕುವಾಗ ಜೋಡಣೆಗಳಲ್ಲಿ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಬಿಡಿ. ಎಲ್ಲ ಜೋಡಣೆಗೂ ಬೆಸುಗೆ ಹಾಕಿಬಿಟ್ಟಿದ್ದರೆ ನೆಟ್ಟಗಿನ ಭಾಗದಲ್ಲಿ ಕೆಲವನ್ನು ಕತ್ತರಿಸಿ ಸಂದು ಮಾಡಿ, ಎರಡೂ ಕಡೆಗೂ ಬೇರೆ ಬೇರೆ ವೈರು ಕೊಡಿ. ಮರಕ್ಕೆ ಕೆಳಗಡೆಯೂ ಪೇಂಟ್ ಹೊಡೆಯಿರಿ.

ಎಂಜಿನ್ ಕಿರುಚುತ್ತದೆ, ಬಿಸಿಯಾಗುತ್ತದೆ, ಸುಟ್ಟ ವಾಸನೆ

ವಾಸನೆ ಬಂದರೆ ಮೊದಲು ಹಳಿಯಿಂದ ಎತ್ತಿ. ಡಿಕೋಡರ್ (ಡಿಸಿಸಿ ಆಜ್ಞೆ ಓದುವ ಸಣ್ಣ ಬೋರ್ಡು) ಇಲ್ಲದ ಸಾದಾ ಡಿಸಿ ಎಂಜಿನ್ನನ್ನು ಡಿಸಿಸಿ ಹಳಿಯ ಮೇಲೆ ಬಿಟ್ಟಿದ್ದೀರಾ? ನಿಂತಲ್ಲೇ ಗುಯ್‌ಗುಟ್ಟಿ ಮೋಟರ್ ಸುಡುತ್ತದೆ.

ವಾಸನೆ ಇಲ್ಲ, ಬರೀ ಕಿರುಚು ಅಂದರೆ ಎಣ್ಣೆ ಒಣಗಿದೆ. ಎಣ್ಣೆ ಯಾವುದು ಎನ್ನುವುದೇ ಇಲ್ಲಿ ಮುಖ್ಯ. ತುಮಕೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಕೈಗೆ ಸುಲಭವಾಗಿ ಸಿಗುತ್ತದೆ, ಅದನ್ನೇ ಒಂದು ಹನಿ ಬಿಡುತ್ತಾರೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಎಂಜಿನ್ ಅಲುಗಾಡದೆ ಮಧ್ಯಾಹ್ನ ಓಡಿದರೆ ಅದೇ ಕಾರಣ ಇರಬಹುದು. ಪ್ಲಾಸ್ಟಿಕ್ಕಿಗೆ ಹೊಂದುವ ಎಣ್ಣೆಯನ್ನು ಸೂಜಿ ಮೊನೆಯಲ್ಲಿ ಬಿಡಿ, ಸಾಕು.

ಪ್ರತಿ ಸುತ್ತಿಗೂ ಟಕ್ ಟಕ್ ಎಂದರೆ ಆಕ್ಸಲ್ ಮೇಲಿನ ಗೇರು ಸೀಳಿದೆ. ಅಂಟು ನಿಲ್ಲುವುದಿಲ್ಲ, ಹೊಸದೇ ಬೇಕು. ಎಚ್‌ಒ ಎಂಜಿನ್ ಸಾಮಾನ್ಯವಾಗಿ ಅರ್ಧ ಆಂಪಿಯರ್ ಒಳಗೆ ಓಡುತ್ತದೆ. ಸ್ವಚ್ಛ ಮಾಡಿ ಎಣ್ಣೆ ಬಿಟ್ಟರೂ ಒಂದು ಆಂಪಿಯರ್ ಎಳೆದರೆ ಬಲ್ಲವರಿಗೆ ಒಪ್ಪಿಸಿ. ಡಿಸಿಸಿಯಲ್ಲಿ ಲೈಟ್ ಇದ್ದು ಮಾತು ಕೇಳದಿದ್ದರೆ ಬಿಚ್ಚುವ ಮೊದಲು ರೀಸೆಟ್ ಮಾಡಿ. ಬಹಳಷ್ಟು ಡಿಕೋಡರ್‌ಗಳಲ್ಲಿ ಸಿವಿ 8ಕ್ಕೆ (ಸಿವಿ ಅಂದರೆ ಡಿಕೋಡರಿನ ಒಂದು ಸೆಟ್ಟಿಂಗ್) 8 ಬರೆದರೆ ಆಗುತ್ತದೆ, ಎಂಜಿನ್ನಿನ ನಂಬರ್ ವಾಪಸ್ 3 ಆಗುತ್ತದೆ. ನಿಮ್ಮ ಡಿಕೋಡರಿನ ಪುಸ್ತಕ ಒಮ್ಮೆ ನೋಡಿಕೊಳ್ಳಿ.

ಪ್ರದರ್ಶನಕ್ಕೆ ನಿಂತ ಅಸಲಿ ಡೀಸೆಲ್ ಎಂಜಿನ್ನಿನಲ್ಲಿ ಪೇಂಟ್ ಉಬ್ಬಿದೆ

ಅಳತೆ, ಬಣ್ಣ ನೋಡಲು ನಾವು ಮೈಸೂರಿನ ರೈಲು ಮ್ಯೂಸಿಯಮ್ಮಿಗೋ ಎಂಜಿನ್ ನಿಲ್ಲಿಸಿದ ಬೇರೆ ಜಾಗಕ್ಕೋ ಹೋಗುತ್ತೇವೆ ಅಲ್ವಾ? ವೈಡಿಎಂ-4, ಡಬ್ಲ್ಯುಡಿಎಂ-2 ಎಂಜಿನ್ನುಗಳನ್ನು ಇಂಚಿಂಚು ನೋಡುವವರು ನಾವೇ. ಹಾಳಾಗುತ್ತಿರುವುದು ಮೊದಲು ಕಾಣುವುದೂ ನಮಗೇ.

ಪೇಂಟ್ ಗುಳ್ಳೆ ಎದ್ದಿದ್ದರೆ ಅದರ ಕೆಳಗೆ ತುಕ್ಕು ಶುರುವಾಗಿದೆ. ಬಾಗಿಲಿನ ಕೆಳ ಅಂಚಿನಿಂದ ಕಂದು ಗೆರೆ ಇಳಿದಿದ್ದರೆ ಒಳಗೆ ನೀರು ನಿಂತಿದೆ. ನೀರು ಇಳಿದುಹೋಗುವ ತೂತು ಎಲೆ, ಕಸದಿಂದ ಮುಚ್ಚಿರುತ್ತದೆ. ಮೇಲಿನ ಹೊಗೆಕೊಳವೆ ತೆರೆದಿದ್ದರೆ ಅದು ಎಲ್ಲಕ್ಕಿಂತ ಕೆಟ್ಟದ್ದು. ಮಳೆ ನೇರ ಟರ್ಬೋ ಮೂಲಕ ಒಳಗೆ ಇಳಿಯುತ್ತದೆ. ಮುಂದೆ ಯಾರಾದರೂ ಸ್ಟಾರ್ಟ್ ಮಾಡಲು ಹೊರಟರೆ, ಸಿಲಿಂಡರಿನಲ್ಲಿ ನಿಂತ ನೀರು ಅದುಮಲು ಬಾರದೆ ಎಂಜಿನ್ನನ್ನೇ ಮುರಿಯುತ್ತದೆ. ಅದಕ್ಕೇ ಬಹಳ ದಿನ ನಿಂತ ಇಂಥ ಆಲ್ಕೋ (ಅಮೆರಿಕದ ಕಂಪನಿಯ ವಿನ್ಯಾಸದ) ಎಂಜಿನ್ನನ್ನು, ಸಿಲಿಂಡರಿನ ಟೆಸ್ಟ್ ಕಾಕ್ (ಸಣ್ಣ ನಲ್ಲಿ) ತೆರೆದು, ಕೈಯಿಂದ ತಿರುಗಿಸಿ, ನೀರು ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಮುಂದುವರಿಯುತ್ತಾರೆ. ತುಕ್ಕಿನ ಮೇಲೆಯೇ ಹೊಸ ಪೇಂಟ್ ಬಳಿಯುವುದರಿಂದ ತುಕ್ಕು ನಿಲ್ಲುವುದಿಲ್ಲ, ಕಾಣದೆ ಬೆಳೆಯುತ್ತದೆ.

ನಾವು ಮಾಡಬೇಕಾದದ್ದು ಕಣ್ಣಿನ ಕೆಲಸ ಮಾತ್ರ. ಹತ್ತಬೇಡಿ, ಕೆರೆಯಬೇಡಿ. ಹಳೆಯ ಪೇಂಟಿನಲ್ಲಿ ಸೀಸ, ಹಳೆಯ ಬ್ರೇಕ್ ಬ್ಲಾಕ್, ಶಾಖ ತಡೆಯುವ ಹೊದಿಕೆಯಲ್ಲಿ ಕಲ್ನಾರು ಇರಬಹುದು. ಓಡುವ ಲೈನಿನ ಪಕ್ಕ ಇದ್ದರೆ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಮುಟ್ಟದೆ ಹತ್ತಿರ ಹೋದರೂ ಜೀವಕ್ಕೆ ಅಪಾಯ. ಸೆಲ್ಫಿ ಸ್ಟಿಕ್ ಎತ್ತುವುದೂ ಬೇಡ.

ಗುಳ್ಳೆ ಎದ್ದ ಜಾಗದ ಪಕ್ಕ ಸ್ಕೇಲು ಹಿಡಿದು ಫೋಟೋ ತೆಗೆಯಿರಿ, ದಿನಾಂಕ ಬರೆದಿಡಿ. ಮಳೆಗಾಲ ಮುಗಿದ ಮೇಲೆ ಅದೇ ಜಾಗದ ಇನ್ನೊಂದು ಫೋಟೋ ತೆಗೆಯಿರಿ. ಎರಡನ್ನೂ ಒಂದು ಪತ್ರಕ್ಕೆ ಲಗತ್ತಿಸಿ ಅಲ್ಲಿನ ಸ್ಟೇಷನ್ ಮಾಸ್ಟರ್ ಅಥವಾ ಮ್ಯೂಸಿಯಂ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊಗೆಕೊಳವೆ ಮುಚ್ಚಬೇಕು, ನೀರಿನ ತೂತು ಬಿಡಿಸಬೇಕು ಎಂದು ಎರಡೇ ಕೆಲಸ ಸ್ಪಷ್ಟವಾಗಿ ಬರೆಯಿರಿ. ಎರಡಕ್ಕೂ ಖರ್ಚು ಕಡಿಮೆ, ಹಾಗಾಗಿ ಆಗುವ ಸಾಧ್ಯತೆ ಜಾಸ್ತಿ.